‘ಹಾಗಾದ್ರೆ ನೀವು ಇಲ್ಲಿ ಯಾಕೆ ಕೂತಿದ್ದೀರಿ ಮೇಡಂ?’

ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಜನರ ಪರವಾಗಿ ಸಲಹೆ ಕೊಡುವ ಸ್ವಯಂಸೇವಕರ ಗುಂಪು ಟ್ಯಾಕ್ಸ್‌ಪೇಯರ್ ಅಡ್ವೊಕಸಿ ಪ್ಯಾನೆಲ್. ಅದಕ್ಕೆ ಸೇರಿದವರಿಗೆ ಮೊದಲು ಹೇಳಿಕೊಡುವ ಪಾಠ ಇದು: ಯಾರ ಸ್ವಂತ ಕೇಸಿಗೂ ಕೈ ಹಾಕಬೇಡಿ. ನೋಟಿಸ್ ತಂದು ತೋರಿಸಿದರೆ ಓದಿ ಸಲಹೆ ಕೊಡಬೇಡಿ. ಜನರ ದೂರು ಕೇಳಿಸಿಕೊಳ್ಳಿ. ಅದು ಒಬ್ಬರ ಗೋಳೋ, ತುಂಬಾ ಜನಕ್ಕೆ ತಾಗುವ ತೊಂದರೆಯೋ ಅಂತ ನೋಡಿ. ಎರಡನೆಯದಾದರೆ ಐಆರ್‌ಎಸ್‌ಗೆ ರೆಫರಲ್, ಅಂದರೆ ಸುಧಾರಣೆಯ ಸಲಹೆ, ಬರೆಯಿರಿ. ನಮ್ಮ ಕೆಲಸ ಅಷ್ಟೇ.

ಈ ಪ್ಯಾನೆಲ್ ಶುರುವಾದದ್ದು 2002ರಲ್ಲಿ. ಅದಕ್ಕೂ ಮೊದಲು, 1998ರಲ್ಲಿ, ಸೌತ್ ಫ್ಲಾರಿಡಾದಲ್ಲಿ ಇಂಥದ್ದೇ ಒಂದು ಸಿಟಿಜನ್ ಪ್ಯಾನೆಲ್ ಮಾಡಿ ನೋಡಿದ್ದರು. ಸಂಬಳ ಇಲ್ಲ. ಮೂರು ವರ್ಷದ ಅವಧಿ, ವರ್ಷಕ್ಕೆ 200ರಿಂದ 300 ಗಂಟೆ ಕೊಡಬೇಕು. ಪೌರತ್ವ ಇರಬೇಕು, ತೆರಿಗೆ ಬಾಕಿ ಇರಬಾರದು, ಬ್ಯಾಕ್‌ಗ್ರೌಂಡ್ ಚೆಕ್ ಪಾಸಾಗಬೇಕು. ನಾನು ಹೊಟ್ಟೆಪಾಡಿಗೆ ಟೆಕ್ನಿಕಲ್ ರೈಟರ್. ಮ್ಯಾನುಅಲ್ ಬರೆಯುವವಳು. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಅರ್ಜಿ ಹಾಕಿದೆ. ಐಆರ್‌ಎಸ್ ಕಳಿಸುವ ಪತ್ರಗಳನ್ನು ನೋಡುವ ನೋಟಿಸ್ ಕಮಿಟಿಗೆ ಹಾಕಿದರು. ಸರಳ ವಾಕ್ಯ ಬರೆಯೋದೇ ನನ್ನ ಕಸುಬು, ಇನ್ನೇನು ಬೇಕು ಅಂದುಕೊಂಡಿದ್ದೆ.

ಔಟ್‌ರೀಚ್, ಅಂದರೆ ಜನರ ಬಳಿ ಹೋಗಿ ದೂರು ಕೇಳುವುದು, ಮಾಡಲೇಬೇಕಿತ್ತು. ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಒಂದು ಟೇಬಲ್ ಕೇಳಿದೆ. ಊಟದ ಕೂಪನ್ ಕೌಂಟರ್ ಪಕ್ಕದಲ್ಲೇ ಕೊಟ್ಟರು. ಜಾಗವೇನೋ ಒಳ್ಳೇದು, ಎಲ್ಲರೂ ಅಲ್ಲಿಗೆ ಬರಲೇಬೇಕು. ಆದರೆ ತೆರಿಗೆ ಬ್ರೋಷರ್ ನೋಡಿದ ಜನ ಹೋಳಿಗೆ ಕಡೆಗೇ ನಡೆಯುತ್ತಿದ್ದರು.

ಅಂಥದ್ದರಲ್ಲಿ ಒಬ್ಬರು ನೇರ ನನ್ನ ಮುಂದೆ ಬಂದು ನಿಂತರು. ಅಂಗಿ ಜೇಬಿನಿಂದ ಮಡಚಿದ ಕಾಗದ ತೆಗೆದರು. ಸಿಪಿ 2000: ನಮ್ಮ ರಿಟರ್ನ್‌ಗೂ ಬೇರೆಯವರು ಕೊಟ್ಟ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಐಆರ್‌ಎಸ್ ಕಳಿಸುವ ನೋಟಿಸ್. ‘ಮೇಡಂ, ಇದೊಂದು ನೋಡ್ತೀರಾ? ನಾನು ಎಲ್ಲಾ ಸರಿಯಾಗೇ ಫೈಲ್ ಮಾಡಿದ್ದೆ. ಇಷ್ಟೊಂದು ಯಾಕೆ ಕಟ್ಟಬೇಕು?’

ನಾನು ಕಲಿತದ್ದನ್ನು ಒಪ್ಪಿಸಿದೆ. ‘ಸಾರ್, ನಾವು ಒಬ್ಬೊಬ್ಬರ ಕೇಸ್ ನೋಡೋ ಹಾಗಿಲ್ಲ. ಟಿಎಎಸ್‌ಗೆ ಫೋನ್ ಮಾಡಿ, ಫಾರ್ಮ್ 911 ತುಂಬಿ.’ ಟಿಎಎಸ್ ಅಂದರೆ ಟ್ಯಾಕ್ಸ್‌ಪೇಯರ್ ಅಡ್ವೊಕೇಟ್ ಸರ್ವಿಸ್, ಐಆರ್‌ಎಸ್ ಒಳಗೇ ಇದ್ದು ತೆರಿಗೆದಾರರಿಗೆ ನೆರವಾಗುವ ವಿಭಾಗ; 911 ಆ ನೆರವು ಕೇಳುವ ಅರ್ಜಿ. ಬ್ರೋಷರ್ ಮುಂದೆ ಚಾಚಿದೆ.

‘ಉತ್ತರ ಕೊಡೋಕೆ ಇನ್ನು ಎರಡು ವಾರವೂ ಇಲ್ಲ. ಬರೀ ಹೌದೋ ಅಲ್ವೋ ಹೇಳಿ ಸಾಕು.’

‘ಸಾರ್, ದಯವಿಟ್ಟು ಅದನ್ನ ಮಡಚಿ. ಅದರಲ್ಲಿ ನಿಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುತ್ತೆ.’

‘ಹಾಗಾದ್ರೆ ನೀವು ಇಲ್ಲಿ ಯಾಕೆ ಕೂತಿದ್ದೀರಿ ಮೇಡಂ?’

ಜೋರಾಗೇನೂ ಕೇಳಲಿಲ್ಲ. ನಿಜವಾಗಿ ತಿಳಿಯಲಿ ಅಂತ ಕೇಳಿದ ಹಾಗಿತ್ತು. ಕೂಪನ್ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನಾನು ಮತ್ತೆ ಬ್ರೋಷರ್ ಬಗ್ಗೆಯೇ ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಸಾಲಿನಲ್ಲಿದ್ದ ಹುಡುಗನೊಬ್ಬ, ‘ಅಂಕಲ್, ಆರ್‌ಎಸ್‌ಯು, ಅದೇ ಕಂಪನಿ ಕೊಡೋ ಷೇರು, ಮಾರಿದ್ರಾ? ನನಗೂ ಬಂದಿತ್ತು’ ಅಂದ. ಅವನ ಹಿಂದಿದ್ದವರು ‘ನಮ್ಮ ಯಜಮಾನರಿಗೂ’ ಅಂದರು. ಇನ್ನೊಬ್ಬರು ಸುಮ್ನೆ ಕಟ್ಟಿಬಿಟ್ಟಿದ್ದರಂತೆ. ನನ್ನ ಟೇಬಲ್ ಮುಂದೆ ಒಂದು ಪುಟ್ಟ ಸಭೆಯೇ ಸೇರಿತು. ನನಗೋ, ಎಲ್ಲಿ ಎಲ್ಲರೂ ಒಟ್ಟಿಗೆ ನೋಟಿಸ್ ತೆಗೆದುಬಿಡುತ್ತಾರೋ ಅನ್ನುವ ಭಯ. ಪೆನ್ನು ಕೈಯಲ್ಲೇ ಇತ್ತು. ಒಂದಕ್ಷರ ಬರೆದುಕೊಳ್ಳಲಿಲ್ಲ. ಆಮೇಲೆ ಹೋಳಿಗೆ ಬಂತು, ಸಭೆ ಚದುರಿತು.

ಆ ಹುಡುಗ ಹೇಳಿದ್ದು ಸರಿ. ಷೇರು ವೆಸ್ಟ್ ಆದಾಗಲೇ, ಅಂದರೆ ನಮ್ಮದಾದಾಗಲೇ, ಅದರ ಬೆಲೆ ಡಬ್ಲ್ಯೂ-2ರಲ್ಲಿ (ಕಂಪನಿ ಕೊಡುವ ವರ್ಷದ ಸಂಬಳದ ಲೆಕ್ಕಪತ್ರ) ಸಂಬಳವಾಗಿ ಸೇರಿರುತ್ತದೆ. ಮಾರಿದ ಮೇಲೆ ಬ್ರೋಕರ್ 1099-ಬಿ ಅನ್ನುವ ಮಾರಾಟದ ಲೆಕ್ಕವನ್ನು ನಮಗೂ ಐಆರ್‌ಎಸ್‌ಗೂ ಕಳಿಸುತ್ತಾರೆ. ಅದರಲ್ಲಿ ಮಾರಿದ ಮೊತ್ತ ಪೂರ್ತಿ ಇರುತ್ತದೆ, ಕೊಂಡ ಬೆಲೆಯ ಜಾಗ ಎಷ್ಟೋ ಸಲ ಸೊನ್ನೆ ಅಥವಾ ಖಾಲಿ. ‘ಲಾಭವೇ ಇಲ್ವಲ್ಲ’ ಅಂತ ನಾವು ಮಾರಾಟದ ವಿವರ ತೋರಿಸುವ ಫಾರ್ಮ್ 8949 ಬಿಡುತ್ತೇವೆ. 48,000 ಡಾಲರ್‌ಗೆ ವೆಸ್ಟ್ ಆದದ್ದನ್ನು 50,000ಕ್ಕೆ ಮಾರಿದ್ದರೆ ನಿಜವಾದ ಲಾಭ 2,000. ರಿಟರ್ನ್‌ನಲ್ಲಿ ಏನೂ ತೋರಿಸದಿದ್ದರೆ ಐಆರ್‌ಎಸ್ ಕಂಪ್ಯೂಟರ್‌ಗೆ ಕಾಣುವುದು 50,000 ಮಾತ್ರ.

ಮರುವಾರ ಪ್ಯಾನೆಲ್‌ನ ಅನಲಿಸ್ಟ್‌ಗೆ ಇದನ್ನೆಲ್ಲ ಹೇಳಿದೆ. ನಿಯಮ ಪಾಲಿಸಿದೆ ಅನ್ನುವ ಹೆಮ್ಮೆಯಲ್ಲೇ ಹೇಳಿದ್ದು. ಅವರು ಕೇಳಿದರು: ‘ಅವರು ನೋಟಿಸಿಗೆ ಉತ್ತರ ಕೊಟ್ಟಿದ್ದರಾ?’ ಇಲ್ಲ. ‘ಹಾಗಾದರೆ ಟಿಎಎಸ್‌ಗೆ ಯಾಕೆ ಕಳಿಸಿದಿರಿ?’

ಟಿಎಎಸ್ ಇರುವುದು ಮಾಮೂಲಿ ದಾರಿಯಲ್ಲಿ ಪ್ರಯತ್ನಿಸಿಯೂ ಕೆಲಸ ಆಗದವರಿಗೆ, ಇಲ್ಲವೇ ಹಣದ ತೀರಾ ಕಷ್ಟದಲ್ಲಿ ಸಿಕ್ಕವರಿಗೆ. ಇವರು ಮಾಮೂಲಿ ದಾರಿಗೆ ಇನ್ನೂ ಕಾಲೇ ಇಟ್ಟಿರಲಿಲ್ಲ. ಅವರ ಕಾಗದ ಓದದೆಯೇ ನಾನು ಹೇಳಬಹುದಾಗಿದ್ದದ್ದು ಬೇಕಾದಷ್ಟಿತ್ತು. ಸಿಪಿ 2000 ಬಿಲ್ ಅಲ್ಲ, ಹೀಗೆ ಬದಲಿಸಬಹುದಾ ಅನ್ನುವ ಪ್ರಸ್ತಾಪ. ಜೊತೆಗೇ ರೆಸ್ಪಾನ್ಸ್ ಫಾರ್ಮ್ ಇರುತ್ತದೆ, ‘ಒಪ್ಪುವುದಿಲ್ಲ’ ಅಂತ ಟಿಕ್ ಮಾಡಿ 8949 ತುಂಬಿ ಲಗತ್ತಿಸಬಹುದು. ಸಾಮಾನ್ಯವಾಗಿ 30 ದಿನ ಕೊಡುತ್ತಾರೆ, ಸಾಲದಿದ್ದರೆ ನೋಟಿಸಿನಲ್ಲಿರುವ ನಂಬರ್‌ಗೆ ಫೋನ್ ಮಾಡಿ ಇನ್ನಷ್ಟು ದಿನ ಕೇಳಬಹುದು. ಸುಮ್ಮನಿದ್ದರೆ ಮುಂದೆ ಬರುವುದು ನೋಟಿಸ್ ಆಫ್ ಡೆಫಿಷಿಯೆನ್ಸಿ, ಅಂದರೆ ಇಷ್ಟು ತೆರಿಗೆ ಕಡಿಮೆ ಬಿದ್ದಿದೆ ಅನ್ನುವ ಕಾನೂನಿನ ನೋಟಿಸ್. ಆಗ ಟ್ಯಾಕ್ಸ್ ಕೋರ್ಟ್‌ಗೆ ಹೋಗಲು 90 ದಿನ. ಇದೆಲ್ಲ ಎಲ್ಲರಿಗೂ ಹೇಳಬಹುದಾದ ಸಾರ್ವಜನಿಕ ಮಾಹಿತಿ. ಕೇಸಿಗೆ ಕೈ ಹಾಕಬೇಡಿ ಅಂದದ್ದನ್ನು ನಾನು ಬಾಯಿಯೇ ಬಿಡಬೇಡಿ ಅಂತ ತಿಳಿದಿದ್ದೆ.

ಕಮಿಟಿ ಕಾಲ್ ಇದಕ್ಕಿಂತ ಕಷ್ಟವಾಯಿತು. ಡಿಎಫ್‌ಒ (ಮೀಟಿಂಗ್‌ಗೆ ನೇಮಿಸಿದ ಸರ್ಕಾರಿ ಅಧಿಕಾರಿ) ಮೀಟಿಂಗ್ ಶುರು ಮಾಡಿದರು, ಕೋರಂ ಲೆಕ್ಕ ಆಯಿತು. ನಮ್ಮ ಮೀಟಿಂಗ್‌ಗಳ ಪ್ರಕಟಣೆ ಫೆಡರಲ್ ರಿಜಿಸ್ಟರ್ ಅನ್ನುವ ಸರ್ಕಾರಿ ಗೆಜೆಟ್‌ನಲ್ಲಿ ಬರುತ್ತದೆ, ಬೇಕಾದವರು ಕೇಳಬಹುದು. ಅಂದು ಯಾರು ಕೇಳುತ್ತಿದ್ದರೋ ಏನೋ. ಸಿಪಿ 2000ರ ವಾಕ್ಯಗಳನ್ನು ಸರಳ ಮಾಡಿ ನಾಲ್ಕು ಪುಟದ ಡ್ರಾಫ್ಟ್ ಕಳಿಸಿದ್ದೆ. ಚೇರ್ ಕೇಳಿದರು: ‘ಎಷ್ಟು ಜನ ಹೇಳಿದರು?’

‘ಸುಮಾರು ಜನ.’

‘ಅವರಿಗೆ ಅರ್ಥವಾಗದ ವಾಕ್ಯ ಯಾವುದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೂ ವಾಕ್ಯದ ಬಗ್ಗೆ ಮಾತೇ ಆಡಿರಲಿಲ್ಲ. ಯಾರೋ ಮ್ಯೂಟ್ ಮಾಡದೆ ಪಾತ್ರೆ ತೊಳೆಯುತ್ತಿದ್ದರು, ಆ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಅಕೌಂಟೆಂಟ್ ಆಗಿ ರಿಟೈರ್ ಆದ ಸದಸ್ಯೆಯೊಬ್ಬರು ಹೇಳಿದರು: ‘ನಿಮ್ಮ ಬರವಣಿಗೆ ಚೆನ್ನಾಗಿದೆ. ಆದರೆ ಅಷ್ಟು ದೂರ ಅವರು ಓದಿದರು ಅಂತ ಯಾಕೆ ಅಂದುಕೊಂಡಿರಿ?’

ಮೀಟಿಂಗ್ ಮುಗಿದ ಮೇಲೆ ಕೂಟದ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ ಹಾಕಿದೆ. ನೋಟಿಸ್ ಫೋಟೋ ಕಳಿಸಬೇಡಿ, ಎಲ್ಲಿ ಓದೋದು ನಿಲ್ಲಿಸಿದಿರಿ ಅಷ್ಟು ಹೇಳಿ ಅಂತ. ಬಂದ ಉತ್ತರ ಹೆಚ್ಚುಕಮ್ಮಿ ಒಂದೇ: ಮೊದಲ ಪುಟದಲ್ಲಿ ಮೊತ್ತ ಕಂಡ ಕಡೆ. ಷೇರು ಮಾರಾಟದ ವಿವರಣೆ ಒಳಗಿನ ಪುಟದಲ್ಲಿ ಇದ್ದೇ ಇರುತ್ತದೆ. ಅಲ್ಲಿಯವರೆಗೆ ಹೋದವರು ಕಡಿಮೆ. ಒಬ್ಬರು ಹೆದರಿ ಅಂದೇ ಪೂರ್ತಿ ಕಟ್ಟಿದ್ದರು. ಕಟ್ಟಿದ ಮೇಲೂ ಸಾಮಾನ್ಯವಾಗಿ ಎರಡು ವರ್ಷದೊಳಗೆ 1040-ಎಕ್ಸ್ (ತಿದ್ದಿದ ರಿಟರ್ನ್) ಹಾಕಿ ವಾಪಸ್ ಕೇಳಬಹುದು ಅಂತ ಈ ಸಲ ಮರೆಯದೆ ಬರೆದೆ.

ನನ್ನ ನಾಲ್ಕು ಪುಟ ಎರಡು ಸಾಲಾಯಿತು. ಕೊಂಡ ಬೆಲೆ ಸಿಗದಿದ್ದಾಗ ಪೂರ್ತಿ ಮೊತ್ತವನ್ನು ಆದಾಯ ಅಂತ ಹಿಡಿದಿದೆ ಅನ್ನುವ ಮಾತು ಮೊತ್ತದ ಪಕ್ಕದಲ್ಲೇ ಇರಲಿ ಅಂತ. ಅದು ಪ್ಯಾನೆಲ್‌ನ ಎಲ್ಲ ಕಮಿಟಿಗಳ ಸಲಹೆ ನೋಡುವ ಜಾಯಿಂಟ್ ಕಮಿಟಿಗೆ ಹೋಯಿತು. ನಮ್ಮದು ಸಲಹೆ ಮಾತ್ರ, ಐಆರ್‌ಎಸ್ ಒಪ್ಪಲೇಬೇಕು ಅಂತೇನಿಲ್ಲ. ಅಷ್ಟರಲ್ಲಿ ನನ್ನ ಅವಧಿಯೂ ಮುಗಿಯಿತು.

ಈಗ ಆಫೀಸಿನಲ್ಲೂ ಅದೇ ಪ್ರಶ್ನೆ ಕೇಳುತ್ತಿದ್ದೇನೆ. ನಮ್ಮ ಸೆಟಪ್ ಗೈಡ್ ಜನ ಎಲ್ಲಿಯವರೆಗೆ ಓದುತ್ತಾರೆ? ಯಾರಿಗೂ ಗೊತ್ತಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಮುಚ್ಚಿದ ಟಿಕೆಟ್ (ಮುಗಿಸಿದ ಕೆಲಸದ ಕೋರಿಕೆ) ಎಷ್ಟು ಅಂತ ಮಾತ್ರ ಬರುತ್ತದೆ. ಗೈಡ್ ಕೈಬಿಟ್ಟು ಸಪೋರ್ಟ್‌ಗೆ ಫೋನ್ ಮಾಡಿದವರ ಲೆಕ್ಕ ಬೇರೆ ಟೀಮಿನದು, ಅದನ್ನು ನೋಡಲು ನಮಗೆ ಆಕ್ಸೆಸ್ ಇಲ್ಲ. ಮ್ಯಾನೇಜರ್‌ಗೆ ಹೇಳಿದರೆ, ಒಳ್ಳೆ ಪ್ರಶ್ನೆ, ಅದಕ್ಕೂ ಒಂದು ಟಿಕೆಟ್ ಹಾಕಿ ಅಂದರು. ಹಾಕಿದ್ದೇನೆ. ಅವರೇ ಪ್ರಯಾರಿಟಿ ಲೋ ಅಂತ ಬದಲಿಸಿದ್ದಾರೆ.