ಸಿಹಿ ಉಳಿಯದ ಬಿಯರ್

"ಸಪ್ಪೆ ಕಣೋ," ಅಂದ ರಘು. ಕುಡಿದದ್ದು ಒಂದೇ ಗುಟುಕು. ಲೋಟ ಕೆಳಗಿಟ್ಟು ಶೇಂಗಾ ಬಟ್ಟಲಿಗೆ ಕೈ ಹಾಕಿದ.

2018ರ ಅಕ್ಟೋಬರ್, ಶನಿವಾರ ಸಂಜೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಮನೆಯ ಹಿತ್ತಲಲ್ಲಿ ಐದು ಜನ ಕೂತಿದ್ದೆವು. ನಾಲ್ಕು ಜನ ಕನ್ನಡದವರು, ಜೊತೆಗೆ ಪಕ್ಕದ ಮನೆಯ ಹಿರಿಯರೊಬ್ಬರು. ಮೂವತ್ತು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತಿರುವವರು, ನನಗೆ ಈ ಕೆಲಸ ಕಲಿಸಿದವರೂ ಅವರೇ. ಮೇಜಿನ ಮೇಲೆ ನಾನು ಮಾಡಿದ ಬ್ರೂಟ್ ಐಪಿಎ ಇತ್ತು. ಐಪಿಎ ಅಂದರೆ ಕಹಿಗೂ ಸುವಾಸನೆಗೂ ಹಾಪ್ಸ್ ಅನ್ನುವ ಹೂವನ್ನು ಜಾಸ್ತಿ ಹಾಕಿ ಮಾಡುವ ಬಿಯರ್. ರಘು ಹೇಳಿದ ಆ ಒಂದು ಮಾತು ನನಗೆ ನಿಜಕ್ಕೂ ನೋವು ತಂದಿತು. ಯಾಕೆ ಅಂತ ಹೇಳಬೇಕಾದರೆ ನಾಲ್ಕು ತಿಂಗಳು ಹಿಂದೆ ಹೋಗಬೇಕು.

ಸ್ಯಾನ್ ಫ್ರಾನ್ಸಿಸ್ಕೋದ ಇನ್ನರ್ ಸನ್‌ಸೆಟ್ ಕಡೆ ಜೂನ್‌ನಲ್ಲೂ ಸ್ವೆಟರ್ ಬೇಕು. ಮಧ್ಯಾಹ್ನ ಮೂರಾದರೆ ಸಾಕು, ಸಮುದ್ರದ ಕಡೆಯಿಂದ ಮಂಜು ಬಂದು ಬೀದಿ ತುಂಬಿಕೊಳ್ಳುತ್ತದೆ. ಗೋಲ್ಡನ್ ಗೇಟ್ ಪಾರ್ಕ್ ಸುತ್ತಿ, ಒಂಬತ್ತನೇ ಅವೆನ್ಯೂನಲ್ಲಿದ್ದ ಸೋಷಿಯಲ್ ಕಿಚನ್ ಅಂಡ್ ಬ್ರೂಯರಿಗೆ ಹೋಗಿದ್ದೆ. ಅಲ್ಲಿ ಬಿಯರ್ ಮಾಡುತ್ತಿದ್ದ ಕಿಮ್ ಸ್ಟರ್ಡವಂಟ್ 2017ರ ಕೊನೆಯಲ್ಲಿ ಈ ಹೊಸ ಬಗೆಯನ್ನು ಹುಟ್ಟುಹಾಕಿದ್ದರು. ಬ್ರೂಟ್ ಅನ್ನೋದು ಶಾಂಪೇನ್ ಬಾಟಲಿಯ ಮೇಲೆ ಇರುವ ಮಾತು. ಸಿಹಿಯನ್ನು ಹೆಚ್ಚುಕಡಿಮೆ ಪೂರಾ ತೆಗೆದದ್ದು ಅಂತ ಅರ್ಥ. ಅದನ್ನೇ ಅವರು ಐಪಿಎಗೆ ತಂದರು.

ಆಗ ಎಲ್ಲಿ ಹೋದರೂ ಹೇಜಿ ಐಪಿಎ. ವರ್ಮಾಂಟ್ ಕಡೆಯಿಂದ ಹಬ್ಬಿದ್ದು, ಮಾವಿನ ಶೀಕರಣೆಯ ಹಾಗೆ ಕದಡಿಕೊಂಡಿರುತ್ತದೆ, ಗಂಟಲಲ್ಲಿ ಮೆತ್ತಗೆ ಇಳಿಯುತ್ತದೆ. ನನಗೆ ಅದರ ಮೇಲೆ ಸಿಟ್ಟೇನಿಲ್ಲ, ಆದರೆ ಒಂದು ಲೋಟ ಮುಗಿಸುವಷ್ಟರಲ್ಲಿ ಊಟ ಮಾಡಿದ ಹಾಗಾಗುತ್ತಿತ್ತು. ಅವತ್ತು ನನ್ನ ಮುಂದೆ ಬಂದದ್ದು ಬೇರೆಯೇ ಪದಾರ್ಥ. ಒಣಹುಲ್ಲಿನ ಬಣ್ಣ, ಲೋಟದ ಆಚೆ ಇದ್ದ ಕಿಟಕಿಯ ಸರಳು ಕಾಣುವಷ್ಟು ತಿಳಿ, ತಳದಿಂದ ಬಿಡದೆ ಏಳುವ ಸಣ್ಣ ಸಣ್ಣ ಗುಳ್ಳೆ. ಮೂಗಿಗೆ ಹಸಿ ದ್ರಾಕ್ಷಿ, ನಿಂಬೆ ಸಿಪ್ಪೆಯ ವಾಸನೆ. ಬಾಯಿಗೆ ಹಾಕಿಕೊಂಡೆ, ನುಂಗಿದೆ, ಅಷ್ಟೇ. ನಾಲಿಗೆ ಮೇಲೆ ಏನೂ ಉಳಿಯಲಿಲ್ಲ. ಆ ಏನೂ ಉಳಿಯದಿರುವುದೇ ಮತ್ತೊಂದು ಗುಟುಕಿಗೆ ಕರೆಯುತ್ತಿತ್ತು. ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ಅದೇ ಯೋಚನೆ: ಇದನ್ನು ಮನೆಯಲ್ಲಿ ಮಾಡಬೇಕು.

ಗುಟ್ಟು ಇರುವುದು ಒಂದು ಕಿಣ್ವದಲ್ಲಿ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿ ನೀರಲ್ಲಿ ನೆನೆಹಾಕಿದಾಗ ಅದರ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಸಣ್ಣ ಸಕ್ಕರೆಗಳನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಡೆಕ್ಸ್‌ಟ್ರಿನ್ ಅನ್ನುವ ದೊಡ್ಡ ತುಣುಕುಗಳು ಯೀಸ್ಟಿನ ಬಾಯಿಗೆ ಹಿಡಿಸುವುದಿಲ್ಲ, ಹಾಗೇ ಉಳಿಯುತ್ತವೆ. ಬಿಯರಿಗೆ ಮೈ ಕೊಡುವುದು ಅವೇ. ಅಮೈಲೊಗ್ಲುಕೋಸಿಡೇಸ್ ಕಿಣ್ವ ಹಾಕಿದರೆ ಆ ತುಣುಕುಗಳೂ ಕತ್ತರಿಸಿ ಗ್ಲುಕೋಸ್ ಆಗುತ್ತವೆ, ಯೀಸ್ಟ್ ಅದನ್ನೂ ಬಿಡದೆ ತಿಂದುಹಾಕುತ್ತದೆ. ಕಿಣ್ವವೇನೂ ಹೊಸದಲ್ಲ. 1967ರಲ್ಲಿ ನ್ಯೂಯಾರ್ಕ್‌ನ ರೈನ್‌ಗೋಲ್ಡ್ ಕಂಪನಿಗಾಗಿ ಜೋಸೆಫ್ ಓವೇಡ್ಸ್ ಅನ್ನುವ ಜೀವರಸಾಯನ ವಿಜ್ಞಾನಿ ಡಯಟ್ ಬಿಯರ್ ಮಾಡಿದ್ದು ಇದರಿಂದಲೇ. ಆಮೇಲೆ ಬಂದ ಲೈಟ್ ಬಿಯರುಗಳೆಲ್ಲ ಅದರ ಮಕ್ಕಳು. ಸ್ಟರ್ಡವಂಟ್ ಕೂಡ ಮೊದಲು ಇದನ್ನು ಬಳಸುತ್ತಿದ್ದದ್ದು ತುಂಬಾ ಗಡುಸಾದ ಟ್ರಿಪಲ್ ಐಪಿಎಯ ಭಾರ ಇಳಿಸಲಿಕ್ಕೆ. ಸಾಮಾನ್ಯ ಐಪಿಎಗೇ ಹಾಕಿ ನೋಡೋಣ ಅಂತ ಹೊಳೆದದ್ದು ಅವರ ಹೆಚ್ಚುಗಾರಿಕೆ.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ರೂಢಿಯ ಐಪಿಎಗೆ ಹಾಕುವಷ್ಟೇ ಹಾಪ್ಸನ್ನು ಕುದಿಯ ಆರಂಭದಲ್ಲೇ ಹಾಕಿಬಿಟ್ಟಿದ್ದೆ. ಹಾಪ್ಸ್ ಹೆಚ್ಚು ಹೊತ್ತು ಕುದ್ದಷ್ಟೂ ಕಹಿ ಬಿಡುತ್ತದೆ. ಅಷ್ಟು ಕಹಿಯನ್ನು ಹೊರುವುದಕ್ಕೆ ಅಡಿಯಲ್ಲಿ ಒಂದಿಷ್ಟು ಸಿಹಿ ಬೇಕು. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕದೆ ಬಡಿಸಿದರೆ ಹೇಗೋ ಹಾಗಾಯಿತು. ಇಪ್ಪತ್ತು ಲೀಟರ್ ಬಿಯರನ್ನು ಮೋರಿಗೆ ಸುರಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಸಲ ಐದರಲ್ಲಿ ಒಂದು ಪಾಲು ಅವಲಕ್ಕಿಯಂಥ ಅಕ್ಕಿ ಫ್ಲೇಕ್ಸ್, ಉಳಿದದ್ದು ತಿಳಿ ಬಣ್ಣದ ಪಿಲ್ಸ್‌ನರ್ ಮಾಲ್ಟ್. ಕುದಿಯುವಾಗ ಹಾಪ್ಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಲೆ ಆರಿಸಿದ ಮೇಲೆ, ಆಮೇಲೆ ಹುಳಿಯುವ ಪಾತ್ರೆಯಲ್ಲಿ, ನ್ಯೂಜಿಲೆಂಡಿನ ನೆಲ್ಸನ್ ಸೊವಿನ್. ಆ ಹಾಪ್ಸಿನ ಪೊಟ್ಟಣ ಕತ್ತರಿಸಿದರೆ ಅಡುಗೆಮನೆಯೆಲ್ಲ ಬಿಳಿ ದ್ರಾಕ್ಷಿ ತೋಟ.

ಶುರುವಿಗೆ, ದ್ರವ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ 1.052 ತೋರಿಸಿತ್ತು; ಸಕ್ಕರೆ ಕರಗಿದಷ್ಟೂ ಈ ಅಂಕಿ ಹೆಚ್ಚು. ದಿನಾ ಸಂಜೆ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಸ್ವಲ್ಪ ಬಿಯರ್ ತೆಗೆದು ಅಳತೆ ನೋಡುತ್ತಿದ್ದೆ. ಗಾಜಿನ ಉದ್ದ ಕೊಳವೆಗೆ ಬಿಯರ್ ಸುರಿದು, ಹೈಡ್ರೋಮೀಟರನ್ನು ಬಿಟ್ಟು, ಬೆರಳಲ್ಲಿ ಒಂದು ಸಲ ತಿರುಗಿಸಿ ಮೈಗಂಟಿದ ಗುಳ್ಳೆ ಉದುರಿಸಬೇಕು. ಅದು ಎರಡು ಸಲ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಗೆರೆ ಓದಬೇಕು. ಚನ್ನರಾಯಪಟ್ಟಣದ ಹತ್ತಿರ ನಮ್ಮೂರ ಹಾಲಿನ ಸೊಸೈಟಿಯಲ್ಲಿ ಅಪ್ಪ ಸೆಕ್ರೆಟರಿ. ಲ್ಯಾಕ್ಟೋಮೀಟರ್ ಇಟ್ಟುಕೊಂಡು ಅವರು ಹೀಗೇ ಬಗ್ಗಿ ನೋಡುತ್ತಿದ್ದರು. ಲ್ಯಾಕ್ಟೋಮೀಟರ್ ಹೆಚ್ಚು ಮುಳುಗಿದರೆ ಹಾಲಿಗೆ ನೀರು ಬಿದ್ದಿದೆ ಅಂತ. ಹಾಲು ತಂದವರ ಮುಖ ಕೆಂಪಾಗುವುದನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿ ಅದು ಮುಳುಗಿದಷ್ಟೂ ನನಗೆ ಸಂತೋಷ. 1.010ಕ್ಕೆ ಬಂತು, ನನ್ನ ಬೇರೆ ಐಪಿಎಗಳು ನಿಲ್ಲುತ್ತಿದ್ದ ಜಾಗ ಅದು. ಇದು ನಿಲ್ಲಲಿಲ್ಲ. 1.004. ಆಮೇಲೆ 1.000, ಬರೀ ನೀರಿನ ಅಳತೆ. ಕೊನೆಗೆ 0.998. ಸಕ್ಕರೆ ಹೋಗಿ ಆಲ್ಕೋಹಾಲ್ ಬಂದಿದೆ, ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೇ ನೀರಿನ ಗೆರೆಯನ್ನೂ ದಾಟಿ ಇಳಿದಿತ್ತು. ಮೂರು ದಿನ ಅದೇ ಅಳತೆ ಬರುವ ತನಕ ಬಾಟಲಿಗೆ ತುಂಬಲಿಲ್ಲ. ಕಿಣ್ವದ ಕೆಲಸ ಮುಗಿಯದೆ ತುಂಬಿದರೆ ಒಳಗೆ ಗ್ಯಾಸ್ ಕಟ್ಟಿಕೊಂಡು ಬಾಟಲಿ ಒಡೆಯಬಹುದು.

ಇಷ್ಟೆಲ್ಲ ಆದ ಮೇಲೆ "ಸಪ್ಪೆ" ಅಂದರೆ ಹೇಗಾಗಬೇಡ?

ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ತೀರ್ಥಹಳ್ಳಿಯ ಮಂಜು ಲೋಟ ಮೂಸಿ, ಎರಡು ಗುಟುಕು ಕುಡಿದು, "ಸಪ್ಪೆ ಅಲ್ಲ ಮಾರಾಯ, ಇದು ಚೊಗರು," ಅಂದ. ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವನು, ಚೊಗರು ಗೊತ್ತಿಲ್ಲದೆ ಆಡುವ ಮಾತಲ್ಲ ಅದು. ನಾನು ಒಪ್ಪಲಿಲ್ಲ. ಚೊಗರಾಗಲಿ ಒಗರಾಗಲಿ ನಾಲಿಗೆಯನ್ನು ಹಿಡಿದು ಎಳೆಯುತ್ತದೆ. ಇದು ಹಿಡಿಯುವುದೇ ಇಲ್ಲ. "ಹಾಗಾದ್ರೆ ನೀನೇ ಹೇಳು, ಸಿಹಿ ಉಳಿಯದ ಈ ಡ್ರೈಗೆ ಕನ್ನಡದಲ್ಲಿ ಏನಂತಾರೆ?" ಅಂದ. ಮೂವರೂ ಯೋಚಿಸಿದೆವು. ಒಣ ಅಂದರೆ ಕುಡಿಯುವ ವಸ್ತುವಿಗೆ ಕೂರುವುದಿಲ್ಲ. ಸಿಹಿ ಇಲ್ಲದ್ದು ಅಂದರೆ ಕಹಿಯೋ ಹುಳಿಯೋ ಅನ್ನಿಸುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಸುಧಾ, ಮಂಜುವಿನ ಹೆಂಡತಿ, "ಊಟ ಆದ್ಮೇಲೆ ಬಾಯಿ ಮುಕ್ಕಳಿಸಿದ ಹಾಗಿದೆ. ನಂಗೆ ಇದೇ ಇಷ್ಟ ಆಯ್ತು," ಅಂದಳು. ಸುಧಾಗೆ ಹೇಜಿ ಒಂದು ಗುಟುಕಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಅವತ್ತು ಪೂರ್ತಿ ಲೋಟ ಕುಡಿದು, ಅಂಬೊಡೆ ಜೊತೆ ಇನ್ನರ್ಧ ಹಾಕಿಸಿಕೊಂಡಳು. ಅಂಬೊಡೆಯ ಎಣ್ಣೆಯನ್ನು ಅದು ತೊಳೆದುಹಾಕುತ್ತಿದ್ದ ರೀತಿಯನ್ನು ನಾನೂ ಅವಳಿಂದಲೇ ಗಮನಿಸಿದ್ದು.

ಪಕ್ಕದ ಮನೆಯ ಹಿರಿಯರು ಹಳೇ ವೆಸ್ಟ್ ಕೋಸ್ಟ್ ಐಪಿಎಯ ಅಭಿಮಾನಿ. ಅವರಿಗೆ ಕಹಿ ಸಾಲಲಿಲ್ಲ. ಕೆಲಸ ಶುದ್ಧವಾಗಿದೆ, ಆದರೆ ಇದು ಬಿಯರ್ ಆಗಿರುವುದಕ್ಕಿಂತ ವೈನ್ ಆಗುವ ಆಸೆಯಲ್ಲಿದೆ ಅಂದರು. ನನಗೆ ಅದು ದೂರು ಅನ್ನಿಸಲಿಲ್ಲ. ರಘುವಿನ ಮಾತಿಗೂ ಕಾರಣ ಇತ್ತು: ಅವನಿಗೆ ಐಪಿಎ ಅಂದರೆ ಬಾಯಿ ತುಂಬಬೇಕು. ಈ ಬಿಯರಲ್ಲಿ ಎಲ್ಲವೂ ಮೂಗಿನಲ್ಲೇ ನಡೆಯುತ್ತದೆ, ನಾಲಿಗೆಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಸುವಾಸನೆ ಅಷ್ಟೊಂದು ಹಣ್ಣು ಹಣ್ಣಾಗಿರುವಾಗ ನಾಲಿಗೆ ಸಿಹಿಯನ್ನು ಕಾಯುತ್ತದೆ. ಬರದೇ ಹೋದಾಗ ಕೆಲವರಿಗೆ ಮೋಸ ಹೋದ ಹಾಗೆ, ಇನ್ನು ಕೆಲವರಿಗೆ ನಿರಾಳ. ಆ ಸಂಜೆಯ ಜಗಳವೆಲ್ಲ ಇಷ್ಟೇ ಅಂತ ಈಗಲೂ ನನಗನ್ನಿಸುತ್ತದೆ. ಒಂದಂತೂ ಹೇಳಲೇಬೇಕು, 7 ಪರ್ಸೆಂಟ್ ಆಲ್ಕೋಹಾಲ್ ಇದ್ದದ್ದು ಯಾರಿಗೂ ಗೊತ್ತೇ ಆಗಿರಲಿಲ್ಲ. ಕಾರಿನ ಕೀ ಎಲ್ಲ ತೆಗೆದಿಟ್ಟು, ರಾತ್ರಿ ಅನ್ನ ಸಾರು ಬಡಿಸಿ, ಅಲ್ಲೇ ಮಲಗಿಸಿಕೊಂಡೆ.

ಆ ವರ್ಷ ನ್ಯೂ ಬೆಲ್ಜಿಯಂ ಅನ್ನುವ ದೊಡ್ಡ ಬ್ರೂಯರಿ ಬ್ರೂಟ್ ಐಪಿಎ ತಂದಿತು, ಆಮೇಲೆ ಸಿಯೆರಾ ನೆವಾಡಾ ಕೂಡ. ಊರೂರಿನ ಪಬ್ಬುಗಳ ಹಲಗೆಯ ಮೇಲೂ ಬಂತು. ನಾನು ಸಿಕ್ಕಿದ್ದನ್ನೆಲ್ಲ ಕುಡಿದೆ. ಅದರಲ್ಲಿ ಎಷ್ಟೋ ಬಿಯರುಗಳು ನನ್ನ ಮೊದಲ ಪ್ರಯತ್ನದ ತಪ್ಪನ್ನೇ ಮಾಡಿದ್ದವು: ಕಹಿ ಜಾಸ್ತಿ, ಸುವಾಸನೆ ಸಾಲದು. ಅದನ್ನು ಕುಡಿದವರು ಬ್ರೂಟ್ ಅಂದರೆ ಇಷ್ಟೇ ಅಂದುಕೊಂಡು ಹೇಜಿಗೆ ವಾಪಸಾದರು. 2019 ಮುಗಿಯುವಷ್ಟರಲ್ಲಿ ಹಲಗೆಗಳಿಂದ ಹೆಸರು ಅಳಿಸಿತ್ತು. 2020ರಲ್ಲಿ ಸೋಷಿಯಲ್ ಕಿಚನ್ ಬಾಗಿಲೇ ಮುಚ್ಚಿತು. ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಬಳಸುವ ಬಿಜೆಸಿಪಿ ಕೈಪಿಡಿಯ 2021ರ ಆವೃತ್ತಿಯಲ್ಲಿ ಬ್ರೂಟ್ ಐಪಿಎಗೆ ಜಾಗ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಇಷ್ಟು ಒಳ್ಳೆಯ ಯೋಚನೆಗೆ ಇಷ್ಟು ಕಡಿಮೆ ಆಯುಸ್ಸು ಸಿಗಬಾರದಿತ್ತು.

ನಾನು ಮಾಡುವುದನ್ನು ಬಿಟ್ಟಿಲ್ಲ. 2019ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದಾಗಲೂ ಒಂದು ಪಾತ್ರೆ ಇಟ್ಟಿದ್ದೆ. ಅಪ್ಪ ಕುಡಿಯುವವರಲ್ಲ, ಮಗ ಮನೆಯಲ್ಲೇ ಬಿಯರ್ ಕಾಯಿಸುತ್ತಾನೆ ಅನ್ನೋದು ಅವರಿಗೆ ಹಿಡಿಸಿರಲೂ ಇಲ್ಲ. ಎರಡು ದಿನ ಆ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ನಾನು ಕೊಳವೆ ಹಿಡಿದು ಬಗ್ಗಿದ್ದಾಗ ಹಿಂದೆ ಬಂದು ನಿಂತರು. ಕನ್ನಡಕ ಹಾಕಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಹೈಡ್ರೋಮೀಟರನ್ನು ಬೆರಳಲ್ಲಿ ತಿರುಗಿಸಿದರು. ಅದು ನಿಲ್ಲುವ ತನಕ ಉಸಿರಾಡಲಿಲ್ಲ.

"ನೀರಿಗಿಂತ ಕೆಳಗೆ ಹೋಯ್ತಲ್ಲೋ," ಅಂದರು. "ಸರಿಯಾಗಿ ನೋಡ್ದಾ? ಇನ್ನೊಂದು ಸಲ ತೆಗಿ."

ಇನ್ನೊಂದು ಸಲ ತೆಗೆದೆ. ಅಷ್ಟೇ ಬಂತು. ಪಕ್ಕದಲ್ಲಿದ್ದ ನನ್ನ ನೋಟ್‌ಬುಕ್ ಎಳೆದುಕೊಂಡು, ಸೊಸೈಟಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಹಾಗೇ ತಾರೀಖು, ಹೊತ್ತು, ಅಳತೆ ಮೂರನ್ನೂ ಬರೆದು, ಕೆಳಗೆ ಸಹಿ ಹಾಕಿದರು.