ಬಾಲದ ಬೆನ್ನು ಹತ್ತಿದ ಬೆಕ್ಕು

ನಮ್ಮ ಮನೆಯ ಬೆಕ್ಕು ಮರಿಯಾಗಿದ್ದಾಗ ತನ್ನ ಬಾಲವನ್ನೇ ಹಿಡಿಯಲು ಗಿರಗಿರನೆ ಸುತ್ತುತ್ತಿದ್ದರೆ ನಾವೆಲ್ಲ ಊಟ ಬಿಟ್ಟು ನಗುತ್ತಿದ್ದೆವು; ಅಲುಗಾಡುವುದೆಲ್ಲವನ್ನೂ ಬೇಟೆಯೆಂದು ಭಾವಿಸುವ ಆ ವಯಸ್ಸಿಗೆ ಅದು ಸಹಜವಾದ ಆಟ. ಈಗ ಅದಕ್ಕೆ 4 ವರ್ಷ. ಕಳೆದ ವಾರ ಅದು ಬೆನ್ನಿನ ಚರ್ಮವನ್ನು ಅಲೆಯಂತೆ ಅದುರಿಸಿ, ಯಾರೋ ಚುಚ್ಚಿದಂತೆ ಓಡಿ, ಬಾಲದ ತುದಿಯನ್ನು ರಕ್ತ ಬರುವಂತೆ ಕಚ್ಚಿಕೊಂಡಾಗ ಯಾರಿಗೂ ನಗು ಬರಲಿಲ್ಲ.

ಪಶುವೈದ್ಯರು ಮೊದಲು ಬಾಲದ ಬುಡದ ಕೂದಲನ್ನು ಬಿಡಿಸಿ ನೋಡಿದರು. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಒಂದೆರಡು ಕಡಿತವೂ ತಡೆಯಲಾರದ ತುರಿಕೆ ತರುತ್ತದೆಯಂತೆ. ಗುದದ ಪಕ್ಕದ ಗ್ರಂಥಿಗಳು ಕಟ್ಟಿಕೊಂಡರೂ, ಬೆನ್ನುಮೂಳೆ ನೋಯುತ್ತಿದ್ದರೂ ಬೆಕ್ಕು ದೂರುವುದು ಬಾಲವನ್ನೇ. ಇವೊಂದೂ ಇಲ್ಲವೆಂದು ಖಚಿತವಾದ ಮೇಲಷ್ಟೇ ‘ಫೆಲೈನ್ ಹೈಪರೆಸ್ತೀಷಿಯಾ’ ಎಂಬ ಅತಿಸಂವೇದನೆಯ ತೊಂದರೆಯನ್ನು ಶಂಕಿಸುತ್ತಾರೆ.

ನಮ್ಮದರಲ್ಲಿ ಸಿಕ್ಕಿದ್ದು ಚಿಗಟದ ಕರಿಯ ಹಿಕ್ಕೆ. ಹಿಂದೆ ನಾವು ನಕ್ಕ ಸುತ್ತುಗಳಲ್ಲಿ ಆಟವೆಷ್ಟು, ತುರಿಕೆಯೆಷ್ಟು ಎಂಬ ಅನುಮಾನ ಈಗ ನನ್ನನ್ನು ಕಾಡುತ್ತಿದೆ. ಬೆಕ್ಕು ಮಾತ್ರ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಧರಿಸಿ, ಬಾಯಿಗೆ ಎಟುಕದ ಬಾಲವನ್ನು ದಿಟ್ಟಿಸುತ್ತ ಮೂಲೆಯಲ್ಲಿ ಕುಳಿತಿದೆ. ಮನೆಯ ಚಾಪೆ, ಹಾಸಿಗೆಗಳೆಲ್ಲ ಬಿಸಿಲಿನಲ್ಲಿವೆ.