ಕಿಣ್ವವನ್ನು ತಡೆದರೆ ಸ್ನಾಯು ಉಳಿದೀತೇ?

ಮುಖ್ಯವಾಗಿ ಹುಡುಗರನ್ನು ಕಾಡುವ, ಸ್ನಾಯುಗಳನ್ನು ಕ್ರಮೇಣ ಸವೆಸುವ ಆನುವಂಶಿಕ ರೋಗವಾದ ಡುಷೆನ್ ಸ್ನಾಯುಕ್ಷಯಕ್ಕೆ ಮೂಲ ಕಾರಣ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಕೊರತೆಯಾದರೂ, ಸ್ನಾಯುವನ್ನು ಹಾಳುಮಾಡುವುದರಲ್ಲಿ ಜೀವಕೋಶದೊಳಗಿನ ಕಿಣ್ವಗಳ ಪಾಲೂ ಇದೆ. ಡಿಸ್ಟ್ರೋಫಿನ್ ಇಲ್ಲದ ಸ್ನಾಯುಕೋಶದ ಪೊರೆ, ಸ್ನಾಯು ಸಂಕುಚಿಸಿದಾಗ ಸುಲಭವಾಗಿ ಹರಿಯುತ್ತದೆ. ಹರಿದ ಜಾಗದಿಂದ ಕ್ಯಾಲ್ಸಿಯಂ ಒಳನುಗ್ಗಿ, ಕ್ಯಾಲ್ಪೈನ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ, ಅದು ಸುತ್ತಲಿನ ಪ್ರೋಟೀನುಗಳನ್ನು ತುಂಡರಿಸತೊಡಗುತ್ತದೆ.

ಕ್ಯಾಲ್ಪೈನನ್ನು ತಡೆಯಬಲ್ಲ ಲ್ಯೂಪೆಪ್ಟಿನ್ ಅನ್ನು ಜಪಾನಿನ ಹಮಾವೊ ಉಮೆಜಾವಾ ಅವರ ತಂಡ 1969ರಲ್ಲಿ ವರದಿಮಾಡಿತ್ತು. ಮುಂದೆ ಸ್ನಾಯುಕ್ಷಯವಿದ್ದ ಕೋಳಿಗಳಿಗೆ ಅದನ್ನು ಕೊಟ್ಟು ನೋಡಿದವರಿಗೆ ಭರವಸೆ ಮೂಡಿತು. ಆದರೆ ಆ ಕೋಳಿಗಳ ರೋಗಕ್ಕೆ ಡಿಸ್ಟ್ರೋಫಿನ್ ಕಾರಣವೇ ಅಲ್ಲ, ಬೇರೊಂದು ಜೀನಿನ ದೋಷ ಕಾರಣ ಎಂಬ ಸಂಗತಿ ಹೊರಬಿದ್ದದ್ದು 2008ರಲ್ಲಿ!

1984ರಲ್ಲಿ ವರದಿಯಾದ ಎಂಡಿಎಕ್ಸ್ ಇಲಿಯಲ್ಲಿ ಡಿಸ್ಟ್ರೋಫಿನ್ ನಿಜಕ್ಕೂ ಇಲ್ಲ. ಆದರೂ ಅದರ ಕಾಲಿನ ಸ್ನಾಯು ಸತ್ತಷ್ಟೇ ಬೇಗ ಮತ್ತೆ ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದು ಕಣ್ಣಿಗೆ ಕಾಣುವಂಥದ್ದೇ: ಆರೋಗ್ಯವಂತ ಸ್ನಾಯುತಂತುವಿನಲ್ಲಿ ಅಂಚಿಗೆ ಅಂಟಿಕೊಂಡಿರುವ ಕೋಶಕೇಂದ್ರ, ಹೊಸದಾಗಿ ಬೆಳೆದ ತಂತುವಿನಲ್ಲಿ ನಟ್ಟನಡುವೆ ಕುಳಿತಿರುತ್ತದೆ. ಮನುಷ್ಯರಲ್ಲಿರುವಂತೆ ಕ್ರಮೇಣ ಹದಗೆಡುವುದು ಮುಖ್ಯವಾಗಿ ಆ ಇಲಿಯ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು. ಆದ್ದರಿಂದ ಕಾಲಿನ ಸ್ನಾಯುವನ್ನಷ್ಟೇ ತೋರಿಸಿ ಔಷಧ ಫಲಿಸಿತೆನ್ನುವ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಲ್ಯೂಪೆಪ್ಟಿನ್ ಆಧಾರಿತ ಔಷಧಗಳಿಂದ ಎಂಡಿಎಕ್ಸ್ ಇಲಿಗಳ ಸ್ಥಿತಿ ಸುಧಾರಿಸಲಿಲ್ಲವೆಂದು 2010ರಲ್ಲಿ ವರದಿಯಾಯಿತು; ಎರಡು ವರ್ಷಗಳ ನಂತರ, ಇದೇ ರೋಗದಿಂದ ಇಲಿಗಳಿಗಿಂತ ತೀವ್ರವಾಗಿ ನರಳುವ ಗೋಲ್ಡನ್ ರಿಟ್ರೀವರ್ ತಳಿಯ ನಾಯಿಗಳಲ್ಲಿಯೂ ಅಂಥದ್ದೊಂದು ಔಷಧ ಕೈಕೊಟ್ಟಿತು. ಹರಿದ ಪೊರೆಯ ದುರಸ್ತಿಗೂ ಕ್ಯಾಲ್ಪೈನ್ ಬೇಕಾಗುವುದರಿಂದ, ಅದನ್ನು ಪೂರ್ತಿ ಕಟ್ಟಿಹಾಕುವುದು ಒಳ್ಳೆಯದೇ ಎಂಬ ಪ್ರಶ್ನೆಯೂ ಇದೆ.

ಬೇರೆ ಕಿಣ್ವಗಳ ಕಥೆಯೂ ಏರುಪೇರಿನದೇ. ರಕ್ತನಾಳಗಳನ್ನು ಸಡಿಲಿಸುವ ಸಂಕೇತವನ್ನು ಅಳಿಸುವ ಪಿಡಿಇ5 ಕಿಣ್ವವನ್ನು ತಡೆಯುವ ಔಷಧಗಳು ಎಂಡಿಎಕ್ಸ್ ಇಲಿಗಳಲ್ಲಿ ಫಲ ಕೊಟ್ಟರೂ, ಅದೇ ವರ್ಗದ ಟಡಲಾಫಿಲ್ 331 ಹುಡುಗರ ಪರೀಕ್ಷೆಯಲ್ಲಿ ನಡಿಗೆಯ ಕುಸಿತವನ್ನು ನಿಧಾನಿಸಲಿಲ್ಲ. ಜೀನುಗಳ ಚಟುವಟಿಕೆಯನ್ನು ನಿಯಂತ್ರಿಸುವ ಹಿಸ್ಟೋನ್ ಡಿಅಸಿಟೈಲೇಸ್ ಕಿಣ್ವಗಳನ್ನು ತಡೆಯುವ ಗಿವಿನೋಸ್ಟಾಟ್ ಮಾತ್ರ ಇಲಿಯಿಂದ ಮನುಷ್ಯರವರೆಗೆ ಬಂದು, 2024ರಲ್ಲಿ ಅಮೆರಿಕದಲ್ಲಿ 6 ವರ್ಷ ಮೇಲ್ಪಟ್ಟ ರೋಗಿಗಳಿಗೆ ಅನುಮತಿ ಪಡೆಯಿತು. ಅದರ ಪ್ರಮುಖ ಪರೀಕ್ಷೆಯಲ್ಲಿ ಅಳೆದದ್ದು ನಾಲ್ಕು ಮೆಟ್ಟಿಲು ಹತ್ತಲು ಹಿಡಿಯುವ ಸಮಯವನ್ನು: 18 ತಿಂಗಳಲ್ಲಿ ಔಷಧ ಪಡೆದ ಹುಡುಗರಿಗೂ ಆ ಸಮಯ ಹೆಚ್ಚಾಯಿತು, ಉಳಿದವರಷ್ಟು ಹೆಚ್ಚಾಗಲಿಲ್ಲ.